ಹಲವು ಊರು, ಒಂದೇ ಪಂಚಾಯಿತಿ



ಪ್ಯಾರಿಷ್ ಎಂದರೆ ನಮಗೆ ಧರ್ಮಕೇಂದ್ರ. ದೇವಾಲಯ, ಗುರುಗಳು, ವಾರ್ಷಿಕ ಹಬ್ಬ. ಇಂಗ್ಲೆಂಡಿನಲ್ಲಿ ಇದೇ ಹೆಸರಿನ ಊರಾಡಳಿತವೂ ಇದೆ. ಅಲ್ಲಿ 1894ರ ಕಾನೂನು ಹಳ್ಳಿಯ ಆಡಳಿತವನ್ನು ಚರ್ಚಿನಿಂದ ಬೇರ್ಪಡಿಸಿ, ಜನರು ಆರಿಸಿದ ಸಮಿತಿಗೆ ಒಪ್ಪಿಸಿತು. ಅಕ್ಕಪಕ್ಕದ ಹಳ್ಳಿಗಳು ಸೇರಿ ಒಂದು ಪ್ಯಾರಿಷ್ ಆಗಿರುವುದೂ ಉಂಟು. ನಮ್ಮ ದೇಶದಲ್ಲಿ ಆ ಕೆಲಸ ಗ್ರಾಮ ಪಂಚಾಯಿತಿಯದು.

ತಮಿಳುನಾಡಿನ ತೇನಿ ಜಿಲ್ಲೆಯನ್ನೇ ನೋಡೋಣ. 1895ರಲ್ಲಿ ಮುಗಿದ ಮುಲ್ಲೈಪೆರಿಯಾರ್ ಅಣೆಕಟ್ಟಿನ ನೀರು ಅಲ್ಲಿನ ಕಂಬಂ ಕಣಿವೆಯನ್ನು ಹಸಿರಾಗಿಸಿದೆ. ಆ ಸೀಮೆಯ ಕಪ್ಪಿಲಿಯರ್ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡದ ಮಾತಿದೆ. ಮನೆಯೊಳಗೆ ಕನ್ನಡ, ಪಂಚಾಯಿತಿ ಕಚೇರಿಯಲ್ಲಿ ತಮಿಳು!

ತೇನಿ ಜಿಲ್ಲೆಯಲ್ಲಿ 130 ಗ್ರಾಮ ಪಂಚಾಯಿತಿಗಳಿವೆ, ಪಕ್ಕದ ದಿಂಡಿಗಲ್ಲಿನಲ್ಲಿ 306. ಸಾಮಾನ್ಯವಾಗಿ ಒಂದು ದೊಡ್ಡ ಊರು, ಅದರ ಸುತ್ತ ಕೆಲವು ಸಣ್ಣ ಹಳ್ಳಿಗಳು. ಪಂಚಾಯಿತಿಗೆ ಹೆಸರು ಮಾತ್ರ ದೊಡ್ಡ ಊರಿನದು. ಕರ್ನಾಟಕದಲ್ಲಿ ಅಧ್ಯಕ್ಷರನ್ನು ಸದಸ್ಯರು ಆರಿಸಿದರೆ, ಅಲ್ಲಿ ಎಲ್ಲ ಹಳ್ಳಿಗಳ ಮತದಾರರು ನೇರವಾಗಿ ಆರಿಸುತ್ತಾರೆ. ಇದು ಒಳ್ಳೆಯದೇ. ಆದರೆ ಓಟು ಹೆಚ್ಚಿರುವ ಊರಿನ ಮಾತೇ ನಡೆದೀತೆಂಬ ಭಯವೂ ಇದೆ. ಪೈಪಿನ ಕೊನೆಯಲ್ಲಿರುವ ಹಳ್ಳಿಯ ನಲ್ಲಿಯಲ್ಲಿ ನೀರು ಬಾರದಿದ್ದರೆ ಕೇಳುವವರು ಯಾರು?

ಕೇಳಲು ಗ್ರಾಮಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರೇ. ತಮಿಳುನಾಡಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಗ್ರಾಮಸಭೆಯ ದಿನಗಳು. 2022ರಲ್ಲಿ ಮಾರ್ಚ್ 22 ಮತ್ತು ನವೆಂಬರ್ 1 ಕೂಡ ಸೇರಿದವು. ಅಂದು ಬಡವ, ಬಲ್ಲಿದ ಎನ್ನದೆ ಯಾರು ಬೇಕಾದರೂ ಎದ್ದು ನಿಂತು ಖರ್ಚಿನ ಲೆಕ್ಕ ಕೇಳಬಹುದು.

2019ರ ಡಿಸೆಂಬರಿನಲ್ಲಿ ಈ ಜಿಲ್ಲೆಗಳಲ್ಲಿ ಆಯ್ಕೆಯಾದ ಪಂಚಾಯಿತಿ ಪ್ರತಿನಿಧಿಗಳ ಅವಧಿ 2025ರ ಜನವರಿಯಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆಯದೆ ಆಡಳಿತ ವಿಶೇಷ ಅಧಿಕಾರಿಗಳ ಕೈಗೆ ಹೋಯಿತು. ಬಾಗಿಲು ತಟ್ಟಲು ತಮ್ಮ ವಾರ್ಡಿನ ಸದಸ್ಯರೇ ಇಲ್ಲದಾಗ ಸಣ್ಣ ಹಳ್ಳಿಯ ಕೂಗು ಇನ್ನಷ್ಟು ಕ್ಷೀಣ. ಇಂಥ ಹೊತ್ತಿನಲ್ಲೇ ಗ್ರಾಮಸಭೆಯ ಬೆಲೆ ತಿಳಿಯುವುದು.

ಇದು ದೂರದೂರಿನ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಧರ್ಮಕೇಂದ್ರಗಳಿಗೂ ಉಪಕೇಂದ್ರಗಳಿವೆ. ಹಬ್ಬದ ತಯಾರಿಯ ಸಭೆಯಲ್ಲಿ ಅಲ್ಲಿನ ನಾಲ್ಕು ಮನೆಗಳ ಅಭಿಪ್ರಾಯವನ್ನು ನಾವು ಕೇಳುತ್ತೇವೆಯೇ? ನಮ್ಮೂರಿನ ಗ್ರಾಮಸಭೆಗೆ ನಾವು ಹೋಗಿ ಎಷ್ಟು ವರ್ಷವಾಯಿತು? ಹೋಗದೆ ಮನೆಯಲ್ಲಿ ಕುಳಿತು ಗೊಣಗಿದರೆ ನಲ್ಲಿಗೆ ನೀರು ಬಾರದು. ಮುಂದಿನ ಸಭೆಗೆ ಮನೆಮಂದಿಯೆಲ್ಲ ಹೋಗೋಣ. ಪಕ್ಕದ ಸಣ್ಣ ಹಳ್ಳಿಯವರನ್ನೂ ಜೊತೆಗೆ ಕರೆದುಕೊಂಡು ಹೋಗೋಣ.