ಲಸಿಕೆ ಊರಿಗೆ ಬರುತ್ತೆ, ಇನ್ಸುಲಿನ್ ಯಾಕೆ ಬರಲ್ಲ?

ನಮ್ಮಕ್ಕನಿಗೆ ಟೈಪ್-1 ಸಕ್ಕರೆ ಕಾಯಿಲೆ. ಎರಡು ವರ್ಷದ ಮಗಳಿದ್ದಾಳೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಮಗು ಅತ್ತರೆ ತಟ್ಟೆ ಬಿಟ್ಟು ಏಳುತ್ತಾಳೆ. ಸಕ್ಕರೆ ಇಳಿದು ಕೈ ನಡುಗುತ್ತದೆ. ಒಮ್ಮೆ ಒಲೆ ಮುಂದೆಯೇ ಕುಸಿದಳು. ಮಗು ಪಕ್ಕದಲ್ಲೇ ಇತ್ತು.

"ಸಿಹಿ ತಿಂದು ಬಂತು" ಅನ್ನುವವರೇ, ಟೈಪ್-1 ಸಿಹಿ ತಿಂದು ಬರುವುದಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹವೇ ಕೊಲ್ಲುತ್ತದೆ. ಸೂಜಿ ಬಿಟ್ಟರೆ ಜೀವ ಉಳಿಯದು.

ಆ ಔಷಧಿಗೆ ಮಗು ಎತ್ತಿಕೊಂಡು ತಾಲ್ಲೂಕಿಗೆ ಹೋಗಬೇಕು. ಬಸ್ಸು, ಸರತಿ, ಒಂದು ದಿನದ ಕೂಲಿ ಖೋತಾ. ಕೊನೆಗೆ "ಸ್ಟಾಕ್ ಇಲ್ಲ, ಮುಂದಿನ ವಾರ ಬಾ".

ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದೇ ಡಾಲರ್‌ಗೆ ಬಿಟ್ಟುಕೊಟ್ಟರು. ನೂರು ವರ್ಷ ದಾಟಿದರೂ ನಮ್ಮೂರು ಮುಟ್ಟಿಲ್ಲ.

ಮಕ್ಕಳ ಲಸಿಕೆ ಐಸ್ ಡಬ್ಬಿಯಲ್ಲಿ ಅಂಗನವಾಡಿವರೆಗೂ ಬರುತ್ತದಲ್ಲ? ಇನ್ಸುಲಿನ್‌ಗೂ ಬೇಕಿರುವುದು ಅಂಥದ್ದೇ 2ರಿಂದ 8 ಡಿಗ್ರಿ ತಂಪು. ದಾರಿ ಗೊತ್ತಿದೆ, ಮನಸ್ಸಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅಲ್ಲಿಯವರೆಗೆ ಮನೆಯ ಗಂಡಸರೇ, ಅವಳು ಸೂಜಿ ಹಾಕಿಕೊಂಡಾಗ ಮಗುವನ್ನು ನೀವು ಎತ್ತಿಕೊಳ್ಳಿ. ಮೊದಲು ಅವಳು ಉಣ್ಣಲಿ.