ಕಾರವಾರದ ದಡದಲ್ಲಿ ಚಪಲ್

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಗೆ ಹತ್ತಿರದಲ್ಲೇ, ಬೂದುಬಣ್ಣದ ಯುದ್ಧನೌಕೆಯೊಂದು ನೆಲದ ಮೇಲೆ ನಿಂತಿದೆ. ಇದು ಐಎನ್‌ಎಸ್ ಚಪಲ್. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಈ ಕ್ಷಿಪಣಿ ದೋಣಿ 1976ರ ನವೆಂಬರ್ 4ರಂದು ಭಾರತೀಯ ನೌಕಾಪಡೆಗೆ ಸೇರಿ, 2005ರ ಮೇ 5ರಂದು ಸೇವೆಯಿಂದ ನಿವೃತ್ತವಾಯಿತು. 2006ರ ನವೆಂಬರ್‌ನಲ್ಲಿ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡಿತು. ಕನ್ನಡದ ಕಿವಿಗೆ ಚಪಲ ಎಂದರೆ ನಾಲಗೆಯ ಆಸೆ, ಮನಸ್ಸಿನ ಚಾಂಚಲ್ಯ. ಸಂಸ್ಕೃತದಲ್ಲಿ ಅದು ವೇಗವನ್ನು ಸೂಚಿಸುವ ಮಾತು. ಚಪಲಾ ಎಂದರೆ ಮಿಂಚು. ಇದರ ಜೊತೆಗೆ ಬಂದ ಇನ್ನೊಂದು ದೋಣಿಯ ಹೆಸರು ಚಮಕ್, ಎಂದರೆ ಹೊಳಪು. ಹೆಸರಿಟ್ಟವರ ಮನಸ್ಸಿನಲ್ಲಿ ಇದ್ದದ್ದು ಮಿಂಚೇ ಇರಬೇಕು.

ಯುದ್ಧನೌಕೆ ಎಂದ ಕೂಡಲೇ ವಿಮಾನವಾಹಕ ವಿಕ್ರಾಂತದಂಥ ತೇಲುವ ಊರನ್ನು ಕಲ್ಪಿಸಿಕೊಂಡು ಬಂದವರಿಗೆ ಮೊದಲು ಅನಿಸುವುದು ಇದು ಎಷ್ಟು ಚಿಕ್ಕದು ಎಂದೇ. ಉದ್ದ 38.6 ಮೀಟರ್, ಅಗಲ ಎಂಟು ಮೀಟರಿಗೂ ಕಡಿಮೆ, ಎಲ್ಲ ಸರಂಜಾಮು ತುಂಬಿದಾಗ ತೂಕ ಸುಮಾರು 245 ಟನ್. ಹಳೆಯ ವಿಕ್ರಾಂತದ ತೂಕಕ್ಕೆ ಸರಿಗಟ್ಟಲು ಇಂಥ ಎಂಬತ್ತು ದೋಣಿಗಳಾದರೂ ಬೇಕು. ಆದರೆ ಈ ದೋಣಿಯನ್ನು ನೋಡುವ ಕ್ರಮ ಆರಂಭವಾಗಬೇಕಾದ್ದು ಈ ಚಿಕ್ಕತನದಿಂದಲೇ. ಇದರ ಕುಲದ ಇಡೀ ಮಹತ್ವ ಅದರಲ್ಲೇ ಅಡಗಿದೆ.

ದೋಣಿಯ ಅಟ್ಟದ (ಡೆಕ್) ಎರಡೂ ಅಂಚಿನಲ್ಲಿ ಎರಡೆರಡರಂತೆ ನಾಲ್ಕು ದಪ್ಪ ಕೊಳವೆಗಳಿವೆ. ಮೈಮೇಲೆ ಬಳೆ ತೊಡಿಸಿದಂತೆ ಉಬ್ಬು ಪಟ್ಟಿಗಳು. ಬಾಯಿ ಮುಂದಕ್ಕೆ, ತುಸು ಮೇಲಕ್ಕೆ. ಒಂದೊಂದರೊಳಗೆ ಒಂದೊಂದು ಪಿ-15 ಜಾತಿಯ ಕ್ಷಿಪಣಿ ಇರುತ್ತಿತ್ತು. ಪಾಶ್ಚಾತ್ಯರು ಅದನ್ನು ಸ್ಟಿಕ್ಸ್ ಎಂದು ಕರೆದರು. ಸುಮಾರು ಆರು ಮೀಟರ್ ಉದ್ದ, ಎರಡು ಟನ್ನಿಗೂ ಮೀರಿದ ತೂಕ, ಅದರಲ್ಲಿ ಹತ್ತಿರಹತ್ತಿರ ಅರ್ಧ ಟನ್ ಸಿಡಿತಲೆ. ಶಬ್ದಕ್ಕಿಂತ ತುಸು ಕಡಿಮೆ ವೇಗದಲ್ಲಿ ಹಾರಿ, ಕೊನೆಯ ಹಂತದಲ್ಲಿ ತನ್ನದೇ ರೇಡಾರ್‌ನಿಂದ ಗುರಿ ಹುಡುಕಿಕೊಳ್ಳುವ ಯಂತ್ರ ಅದು. ಅದಕ್ಕೆ ತುಂಬುವ ದ್ರವ ಇಂಧನ ವಿಷಕಾರಿ; ಅದರೊಡನೆ ಬೇಕಾದ ಆಕ್ಸಿಡೈಸರ್ ನೈಟ್ರಿಕ್ ಆಮ್ಲ ಮೂಲದ್ದು, ಮೈಗೆ ತಾಗಿದರೆ ಸುಡುವಂಥದ್ದು. ಅದನ್ನು ತುಂಬುವವರು ರಕ್ಷಣಾ ಉಡುಪು ತೊಟ್ಟೇ ಕೆಲಸ ಮಾಡಬೇಕಿತ್ತು. ಮುಂದೊಂದು, ಹಿಂದೊಂದು ಇರುವ ಜೋಡಿನಳಿಗೆಯ 30 ಮಿ.ಮೀ. ತೋಪುಗಳು ವಿಮಾನಗಳಿಂದ ಕಾಪಾಡಿಕೊಳ್ಳಲು. ದೋಣಿಯ ಮುಖ್ಯ ಕೆಲಸ ಕ್ಷಿಪಣಿ ಬಿಟ್ಟು ವೇಗವಾಗಿ ಹಿಂತಿರುಗುವುದು.

ಆ ವೇಗ ಹುಟ್ಟುತ್ತಿದ್ದದ್ದು ಕೆಳಗಿನ ಯಂತ್ರಕೋಣೆಯಲ್ಲಿ. ಮೂರು ಡೀಸೆಲ್ ಎಂಜಿನ್‌ಗಳು. ಒಂದೊಂದರಲ್ಲಿ 56 ಸಿಲಿಂಡರ್. ಲಾರಿ ಎಂಜಿನ್ನಿನಂತೆ ಸಾಲಾಗಿ ಕೂರಿಸದೆ, ಚಕ್ರದ ಅರಗಳಂತೆ ನಡುದಂಡದ ಸುತ್ತ ಏಳು ಸಾಲುಗಳಲ್ಲಿ ಎಂಟೆಂಟರಂತೆ ಜೋಡಿಸಿದ ರಚನೆ ಅದು. ಒಂದರ ಶಕ್ತಿ ಸುಮಾರು 5000 ಅಶ್ವಶಕ್ತಿ. ಮೂರೂ ಸೇರಿ ಇಷ್ಟು ಪುಟ್ಟ ಒಡಲನ್ನು ಗಂಟೆಗೆ 65 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ನೀರಿನ ಮೇಲೆ ಓಡಿಸುತ್ತಿದ್ದವು. ಇಷ್ಟೆಲ್ಲ ಯಂತ್ರ, ಇಂಧನ, ಆಯುಧಗಳ ನಡುವೆ ಉಳಿದ ಜಾಗದಲ್ಲಿ ಸುಮಾರು ಮೂವತ್ತು ಮಂದಿ ಉಂಡು ಮಲಗಬೇಕಿತ್ತು. ಒಳಗಿನ ಓಣಿಯಂಥ ದಾರಿಗಳಲ್ಲಿ ಎದುರಾದ ಇಬ್ಬರು ಮೈ ಓರೆ ಮಾಡದೆ ದಾಟಲಾಗದು. ಸಮವಸ್ತ್ರ ತೊಡಿಸಿದ ಗೊಂಬೆಗಳನ್ನು ಅಲ್ಲಲ್ಲಿ ನಿಲ್ಲಿಸಿ ಸಿಬ್ಬಂದಿಯ ಕೆಲಸಗಳನ್ನು ತೋರಿಸಲಾಗಿದೆ. ಗೊಂಬೆಗಳಿಗಿಂತ ಹೆಚ್ಚು ಮಾತಾಡುವುದು ಆ ಇಕ್ಕಟ್ಟೇ.

ಇಂಥ ದೋಣಿ ಕಡಲಯುದ್ಧವನ್ನು ಹೇಗೆ ಬದಲಿಸಿತು ಎಂಬುದು ಜಗತ್ತಿಗೆ ತಿಳಿದದ್ದು 1967ರ ಅಕ್ಟೋಬರ್ 21ರಂದು. ಅಂದು ಈಜಿಪ್ಟಿನ ಕ್ಷಿಪಣಿ ದೋಣಿಗಳು ಪೋರ್ಟ್ ಸೈದ್ ಬಳಿ ಇದೇ ಸ್ಟಿಕ್ಸ್ ಕ್ಷಿಪಣಿಗಳಿಂದ ಇಸ್ರೇಲಿನ ಏಲಾತ್ ಎಂಬ ಡಿಸ್ಟ್ರಾಯರ್ ನೌಕೆಯನ್ನು ಮುಳುಗಿಸಿದವು. ತಮಗಿಂತ ಎಷ್ಟೋ ಪಟ್ಟು ದೊಡ್ಡ ಹಡಗನ್ನು, ಅದರ ತೋಪುಗಳಿಗೆ ನಿಲುಕದ ದೂರದಿಂದಲೇ. ಆ ಹೊತ್ತಿಗೆ ಸೋವಿಯತ್ ಒಕ್ಕೂಟದಿಂದ ಹಡಗುಗಳನ್ನು ಕೊಳ್ಳಲಾರಂಭಿಸಿದ್ದ ಭಾರತ, ಚಪಲ್‌ನ ಕುಲವೇ ಆದ ಓಸಾ ವರ್ಗದ ಎಂಟು ದೋಣಿಗಳನ್ನು ತರಿಸಿಕೊಂಡಿತು. 1971ರ ಆರಂಭದಲ್ಲಿ ಅವು ಸರಕುಹಡಗುಗಳ ಮೇಲೆ ಬಂದಾಗ, ಅಷ್ಟು ಭಾರ ಎತ್ತಿ ಇಳಿಸಬಲ್ಲ ಕ್ರೇನ್ ಮುಂಬೈಯಲ್ಲಿರಲಿಲ್ಲ. ಕೋಲ್ಕತ್ತದಲ್ಲಿ ಇಳಿಸಿ, ಇಡೀ ದಕ್ಷಿಣ ಕರಾವಳಿಯನ್ನು ಸುತ್ತಿ ಮುಂಬೈಗೆ ಎಳೆದೊಯ್ಯಲಾಯಿತು. ಬಂದರು ಕಾಯಲೆಂದು ಮಾಡಿದ, ಕಡಿಮೆ ದೂರ ಸಾಗಬಲ್ಲ ದೋಣಿಗಳನ್ನು ಬೇರೆ ಹಡಗುಗಳಿಗೆ ಹಗ್ಗ ಕಟ್ಟಿ ದೂರದ ಸಮುದ್ರಕ್ಕೂ ಒಯ್ಯಬಹುದು ಎಂಬ ಅರಿವು ಮೂಡಿದ್ದು ಹೀಗೆ, ಒಂದು ತಾಪತ್ರಯದಿಂದ.

ಆ ಅರಿವು ಅದೇ ವರ್ಷ ಪಾಕಿಸ್ತಾನದೊಡನೆ ಯುದ್ಧ ನಡೆದಾಗ, ಡಿಸೆಂಬರ್ 4ರ ರಾತ್ರಿ ಕೆಲಸಕ್ಕೆ ಬಂತು. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು, ಕಿಲ್ತಾನ್ ಮತ್ತು ಕಚ್ಚಾಲ್ ಎಂಬ ಎರಡು ಬೆಂಗಾವಲು ಹಡಗುಗಳ ಜೊತೆ ಕರಾಚಿಯತ್ತ ಸಾಗಿದವು. ದಳದ ನಾಯಕ ಕಮಾಂಡರ್ ಬಬ್ರುಭಾನ್ ಯಾದವ್. ತರಬೇತಿಗೆಂದು ಸೋವಿಯತ್ ನೆಲದಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಸಿಬ್ಬಂದಿ ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು. ಕದ್ದು ಕೇಳುವವರಿಗೆ ಗುಟ್ಟು ಬಿಟ್ಟುಕೊಡದ ಸರಳ ಉಪಾಯ ಅದು. ಪಾಕಿಸ್ತಾನದ ಡಿಸ್ಟ್ರಾಯರ್ ಖೈಬರ್, ಮೈನ್ ತೆಗೆಯುವ ಹಡಗು ಮುಹಾಫಿಜ್, ವೀನಸ್ ಚಾಲೆಂಜರ್ ಎಂಬ ಸರಕುಹಡಗು ಅಂದು ಮುಳುಗಿದವು. ಬೆಂಕಿಯ ಬಾಲದೊಂದಿಗೆ ಬಂದ ಕ್ಷಿಪಣಿಯನ್ನು ಖೈಬರ್‌ನವರು ವಿಮಾನವೆಂದೇ ತಿಳಿದರು. ವಿಮಾನದಾಳಿಯಾಗಿದೆ ಎಂದು ಸಂದೇಶ ಕಳಿಸಿದರು. ಆ ಹಡಗಿನಲ್ಲಿ ಸತ್ತ ನಾವಿಕರು ಇನ್ನೂರಕ್ಕೂ ಹೆಚ್ಚು. ಗೆಲುವಿನ ಕಥೆ ಹೇಳುವಾಗ ಈ ಸಂಖ್ಯೆಯನ್ನೂ ಹೇಳಬೇಕು. ನಾಲ್ಕು ದಿನಗಳ ಬಳಿಕ ವಿನಾಶ್ ಎಂಬ ಒಂದೇ ದೋಣಿ, ತಲ್ವಾರ್ ಮತ್ತು ತ್ರಿಶೂಲ್ ಹಡಗುಗಳೊಡನೆ ಹೋಗಿ ಮತ್ತೆ ಕರಾಚಿಯ ಮೇಲೆ ಎರಗಿತು. ಅಲ್ಲಿನ ಕಿಯಾಮಾರಿಯ ತೈಲ ತೊಟ್ಟಿಗಳು ಹೊತ್ತಿ ಉರಿದವು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಮೊದಲ ದಾಳಿಯ ನೆನಪಿಗೆ.

ಕಾರವಾರದ ದೋಣಿಯೂ ಆ ದಾಳಿಯಲ್ಲಿತ್ತು ಎಂಬ ಮಾತು ಪ್ರವಾಸಿ ಬರಹಗಳಲ್ಲಿ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಸರಿಯಲ್ಲ. ಚಪಲ್ ಸೇವೆಗೆ ಸೇರಿದ್ದು ಯುದ್ಧ ಮುಗಿದು ಸುಮಾರು ಐದು ವರ್ಷಗಳ ಬಳಿಕ. ದಿನಾಂಕ ಗೊತ್ತಿಲ್ಲದವರಿಗೂ ದೋಣಿಯೇ ಸಾಕ್ಷಿ ಹೇಳುತ್ತದೆ. ಕರಾಚಿಗೆ ಹೋದ ಮೊದಲ ತಲೆಮಾರಿನ ದೋಣಿಗಳಲ್ಲಿ ಕ್ಷಿಪಣಿಗಳು ಚೌಕಾಕಾರದ ದೊಡ್ಡ ಪೆಟ್ಟಿಗೆಗಳಲ್ಲಿ ಇರುತ್ತಿದ್ದವು, ಏಕೆಂದರೆ ಆ ಕ್ಷಿಪಣಿಗಳ ರೆಕ್ಕೆಗಳನ್ನು ಮಡಚಲು ಬರುತ್ತಿರಲಿಲ್ಲ. ಮುಂದೆ ಮಡಚುವ ರೆಕ್ಕೆಯ ಕ್ಷಿಪಣಿ ಬಂದ ಮೇಲೆ ಪೆಟ್ಟಿಗೆಯ ಬದಲು ದುಂಡು ಕೊಳವೆ ಸಾಕಾಯಿತು. ಚಪಲ್ ಹೊತ್ತಿರುವುದು ದುಂಡು ಕೊಳವೆಗಳನ್ನು. ಎಂದರೆ ಇದು ಎರಡನೆಯ ತಲೆಮಾರು. 1971ರ ಅಕ್ಕಂದಿರ ನೆನಪನ್ನು ತಂಗಿ ಹೊತ್ತು ನಿಂತಿದ್ದಾಳೆ ಎಂದು ಹೇಳಿದರೆ ಸತ್ಯಕ್ಕೂ ಊನವಿಲ್ಲ, ಅಭಿಮಾನಕ್ಕೂ ಕೊರತೆಯಿಲ್ಲ. ಶಾಲಾ ಮಕ್ಕಳಿಗೆ ವೀರಕಥೆಯ ಜೊತೆ ಈ ಕೊಳವೆಗಳ ವ್ಯತ್ಯಾಸವನ್ನೂ ತೋರಿಸಿದರೆ, ವಸ್ತುವನ್ನು ನೋಡಿ ಚರಿತ್ರೆಯನ್ನು ಪರೀಕ್ಷಿಸುವ ಪಾಠ ಅಲ್ಲೇ ಆದೀತು.

ಕಾರವಾರಕ್ಕೂ ನೌಕಾಪಡೆಗೂ ಇರುವ ನಂಟು ಈ ವಸ್ತುಸಂಗ್ರಹಾಲಯಕ್ಕಿಂತ ಹಳೆಯದು. 1986ರಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ಕರಾವಳಿಯ ಹಳ್ಳಿಗಳ ಸಾವಿರಾರು ಕುಟುಂಬಗಳು ಅದಕ್ಕಾಗಿ ಮನೆ, ಗದ್ದೆ, ಬಲೆ ಎಳೆಯುವ ದಡ ಬಿಟ್ಟುಕೊಟ್ಟವು. ಅಲ್ಲಿ ಎದ್ದ ಐಎನ್‌ಎಸ್ ಕದಂಬ ನೆಲೆ ಸೇವೆಗೆ ಸೇರಿದ್ದು 2005ರ ಮೇ 31ರಂದು, ಚಪಲ್ ನಿವೃತ್ತಿಯಾದ ಅದೇ ತಿಂಗಳು. ನೆಲೆಯ ಬೇಲಿಯಾಚೆಗೆ ಸಾಮಾನ್ಯರಿಗೆ ಪ್ರವೇಶವಿಲ್ಲ. ಆದ್ದರಿಂದ ಭೂಮಿ ಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಹೋಗಿ ಹತ್ತಿ ನೋಡಬಹುದಾದ ಯುದ್ಧನೌಕೆ ಊರಿನ ದಡದಲ್ಲೇ ಇರುವುದು ನ್ಯಾಯವಾದದ್ದು. 2017ರಲ್ಲಿ ನಿವೃತ್ತವಾದ ಟುಪೊಲೆವ್-142 ಕಣ್ಗಾವಲು ವಿಮಾನಗಳಲ್ಲಿ ಒಂದನ್ನು ಈಚೆಗೆ ಬಿಚ್ಚಿ ತಂದು ಇದೇ ತೀರದಲ್ಲಿ ಮರುಜೋಡಿಸಲಾಗಿದೆ.

ನಿವೃತ್ತ ಹಡಗನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಮುಂಬೈಯಲ್ಲಿ ನೀರಿನ ಮೇಲೆಯೇ ವಸ್ತುಸಂಗ್ರಹಾಲಯವಾಗಿದ್ದ ಹಳೆಯ ವಿಕ್ರಾಂತ್ 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಮುಚ್ಚಿತು; 2014ರಲ್ಲಿ ಗುಜರಿಗೆ ಹೋಯಿತು. ಅದರ ಲೋಹ ಕರಗಿಸಿ ಬೈಕ್ ತಯಾರಿಸಿದ್ದೂ ಆಯಿತು. ವಿಶಾಖಪಟ್ಟಣದವರು 2002ರಲ್ಲಿ ಕುರ್ಸುರಾ ಜಲಾಂತರ್ಗಾಮಿಯನ್ನು ಮರಳಿನ ಮೇಲಕ್ಕೆ ಎಳೆದು ತಂದು ನಿಲ್ಲಿಸಿದರು, ಅದು ಉಳಿಯಿತು. ನೀರಿನಲ್ಲಿರುವ ಹಡಗನ್ನು ಆಗಾಗ ಒಣ ಹಡಗುಕಟ್ಟೆಗೆ ಹತ್ತಿಸಿ ತಳ ಕೆರೆಯಬೇಕು. ದಡದ ಹಡಗಿಗೆ ಆ ಖರ್ಚಿಲ್ಲ. ಆದರೆ ದಡದಲ್ಲಿ ಶತ್ರು ಬೇರೆ. ಚಪಲ್‌ನ ಒಡಲು ಉಕ್ಕು, ಮೇಲಿನ ಕಟ್ಟಡ ಅಲ್ಯುಮಿನಿಯಂ ಮಿಶ್ರಲೋಹ. ಉಪ್ಪಿನ ತೇವ ಸೇರಿದರೆ ಎರಡು ಲೋಹಗಳು ಕೂಡುವ ಜಾಗ ಬ್ಯಾಟರಿಯಂತೆ ವರ್ತಿಸಿ ಒಳಗಿಂದ ತಿನ್ನತೊಡಗುತ್ತದೆ. ಸಮುದ್ರದಲ್ಲಿದ್ದಾಗ ಹಡಗಿನ ತಳಕ್ಕೆ ಸತುವಿನ ತುಂಡು ಕಟ್ಟಿ, ತುಕ್ಕು ಉಕ್ಕಿನ ಬದಲು ಸತುವನ್ನು ತಿನ್ನುವಂತೆ ಮಾಡುತ್ತಾರೆ. ಗಾಳಿಯಲ್ಲಿ ಆ ಉಪಾಯ ನಡೆಯದು. ಕರಾವಳಿಯ ಮಳೆಗಾಲ ನಾಲ್ಕು ತಿಂಗಳು. ಅಟ್ಟದ ಮೂಲೆಗಳಲ್ಲಿ, ಕೊಳವೆಗಳ ಬುಡದಲ್ಲಿ, ಏಣಿಯ ಮೆಟ್ಟಿಲುಗಳ ಕೆಳಗೆ ನೀರು ನಿಲ್ಲುತ್ತದೆ. ನಿಂತಲ್ಲೆಲ್ಲ ಮೊದಲು ಬಣ್ಣ ಉಬ್ಬುತ್ತದೆ, ಆಮೇಲೆ ಕೆಂಪು ಗೆರೆಯೊಂದು ಇಳಿಯುತ್ತದೆ. ಮಳೆ ಬಿಟ್ಟ ಮೇಲೆ ಪ್ರತಿ ವರ್ಷ ಆ ಗೆರೆಗಳನ್ನು ಹುಡುಕಿ, ತುಕ್ಕನ್ನು ಲೋಹದವರೆಗೆ ಕೆರೆದು ತೆಗೆದು, ಪ್ರೈಮರ್ ಬಳಿದು, ಮತ್ತೆ ಬೂದುಬಣ್ಣ ಹಚ್ಚಬೇಕು.