ಎಡೆಯ ಮುಂದೆ ಅತ್ತೆ ನಕ್ಕರು

ಹಬ್ಬ ಅಂದ್ರೆ ಸಂಭ್ರಮ, ನಿಜ. ಆದರೆ ಮನೆಯ ಹಿರಿಜೀವವೊಂದು ಹೋದ ವರ್ಷವೇ ಹಬ್ಬ ಬಂದು ಬಾಗಿಲಲ್ಲಿ ನಿಂತರೆ? ತೋರಣ ಕಟ್ಟಬೇಕೋ ಬೇಡವೋ, ಒಬ್ಬಟ್ಟು ಮಾಡಿದ್ರೆ ನೋಡಿದವರು ಏನಂದುಕೊಳ್ತಾರೋ... ಈ ಗೊಂದಲ ಅನುಭವಿಸದ ಗೃಹಿಣಿಯರು ಕಡಿಮೆ.

ನಮ್ಮ ಮನೆಯಲ್ಲೂ ಹೀಗೇ ಆಯ್ತು. ನಾವಿರುವುದು ದೊಡ್ಡನೆಕ್ಕುಂದಿಯಲ್ಲಿ. ಯಜಮಾನರಿಗೆ ಇಲ್ಲೇ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಚನ್ನಪಟ್ಟಣದ ಕಡೆಯ ಹಳ್ಳಿಯಿಂದ ಅತ್ತೆ-ಮಾವ ಬಂದು ನಮ್ಮ ಜೊತೆಗಿದ್ದರು. 2024ರ ಫೆಬ್ರವರಿಯಲ್ಲಿ ಮಾವ ತೀರಿಕೊಂಡರು. ಏಪ್ರಿಲ್‌ನಲ್ಲಿ ಯುಗಾದಿ. 'ವರ್ಷ ತುಂಬೋವರೆಗೂ ಹಬ್ಬ ಮಾಡೋ ಹಾಗಿಲ್ಲ' ಅಂದರು ನೆಂಟರು. ನಾವೂ ಒಪ್ಪಿದೆವು. ಅತ್ತೆಗೆ ನೋವಾಗಬಾರದು ಅಂತ ಮಾವನ ಹೆಸರು ಎತ್ತುವುದನ್ನೇ ಬಿಟ್ಟೆವು. ಅವರ ಕೋಲು, ಕನ್ನಡಕ ಎಲ್ಲವನ್ನೂ ನಾನೇ ಅಟ್ಟಕ್ಕೆ ಸೇರಿಸಿದೆ. ಗೌರಿ-ಗಣೇಶ ಬಂದಾಗ ಬೀದಿ ಕೊನೆಯ ಪೆಂಡಾಲಿನಲ್ಲಿ ಹಾಡು, ನಮ್ಮನೆಯಲ್ಲಿ ಮೌನ. ಅತ್ತೆ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದರು. ಕಾಲವೇ ಎಲ್ಲ ಮರೆಸುತ್ತೆ ಅಂದುಕೊಂಡೆ. ಎಷ್ಟು ತಪ್ಪು ತಿಳಿದಿದ್ದೆ!

ಅಷ್ಟರಲ್ಲಿ ಪಿತೃಪಕ್ಷ ಬಂತು. ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಇದು ಹಿರಿಯರ ಹಬ್ಬ. ಕಳಶ ಇಟ್ಟು, ಪಕ್ಕದಲ್ಲಿ ಹೊಸ ಪಂಚೆ, ಸೀರೆ ಇಟ್ಟು, ಹೋದವರಿಗೆ ಏನೇನು ಇಷ್ಟವೋ ಅದೆಲ್ಲ ಬಾಳೆಲೆಗೆ ಬಡಿಸುತ್ತೇವೆ. ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ಎಲೆ-ಅಡಿಕೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಉಂಟು! ಧೂಪ ಹಾಕಿ, ಹಿರಿಯರು ನೆಮ್ಮದಿಯಾಗಿ ಊಟ ಮಾಡಲಿ ಅಂತ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಕೆಲವು ಮನೆತನಗಳಲ್ಲಿ ವರ್ಷ ತುಂಬುವವರೆಗೆ ಇದನ್ನೂ ಮಾಡುವುದಿಲ್ಲ. ನಮ್ಮಲ್ಲಿ ಮೊದಲ ವರ್ಷವೇ ಎಡೆ ಇಡುವ ಪದ್ಧತಿ.

ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ, ಅಂದರೆ ಗಾಂಧಿ ಜಯಂತಿಯ ದಿನವೇ ಬಿತ್ತು. ಬೆಂಗಳೂರಿನಲ್ಲಿ ಅವತ್ತು ಮಾಂಸ ಮಾರುವಂತಿಲ್ಲ. ಹಾಗಾಗಿ ಯಜಮಾನರು ಹಿಂದಿನ ಸಂಜೆಯೇ ತಂದು ಫ್ರಿಜ್‌ನಲ್ಲಿ ಇಟ್ಟರು. ಬೆಳಿಗ್ಗೆ ಅದನ್ನು ಹೊರಗೆ ತೆಗೆದೆ ನೋಡಿ, ಮೂಲೆಯಲ್ಲಿ ಕೂತಿದ್ದ ಅತ್ತೆ ಇದ್ದಕ್ಕಿದ್ದಂತೆ ನಕ್ಕರು! 'ತಂಗ್ಳು ಮಾಂಸನಾ? ಇದ್ದಿದ್ರೆ ನಿಮ್ಮಾವ ತಟ್ಟೆ ತಳ್ಳಿ ಎದ್ದೋಗಿರೋರು' ಅಂದರು. ನಗುತ್ತಲೇ ಅತ್ತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, 'ಸರಿ, ಖಾರ ನಾನೇ ರುಬ್ತೀನಿ' ಅಂತ ಎದ್ದರು. ಎಂಟು ತಿಂಗಳಲ್ಲಿ ಅವರು ಅಡುಗೆಮನೆಗೆ ಹಾಗೆ ಬಂದದ್ದು ಅದೇ ಮೊದಲು.

ಬಡಿಸುವ ಹೊತ್ತಿಗೆ ಬಂಧುವೊಬ್ಬರು, 'ನೀನು ಹಿಂದೆ ನಿಂತ್ಕೊ ಅಕ್ಕಾ, ಸೊಸೆ ಬಡಿಸಲಿ' ಅಂದರು. ಅತ್ತೆಯ ಕೈ ಅಲ್ಲೇ ನಿಂತಿತು. ನನ್ನ ಯಜಮಾನರು, 'ಅಪ್ಪಂಗೆ ಎಷ್ಟು ಸಾರು, ಎಷ್ಟು ಮುದ್ದೆ ಅಂತ ಅಮ್ಮಂಗಲ್ಲದೆ ಇನ್ಯಾರಿಗೆ ಗೊತ್ತು? ಅಮ್ಮಾನೇ ಬಡಿಸಲಿ' ಎಂದರು. ಯಾರೂ ಎದುರಾಡಲಿಲ್ಲ.

ಅವತ್ತು ರಾತ್ರಿ ಅತ್ತೆ ಹೇಳಿದ ಮಾತು ಇದು: 'ನೀವ್ಯಾರೂ ಅವ್ರ ಸುದ್ದಿ ಎತ್ತದೇ ಇದ್ದಾಗ, ಮರ್ತೇ ಬಿಟ್ರೇನೋ ಅಂತ ನಂಗೆ ಭಯ ಆಗ್ತಿತ್ತು ಕಣವ್ವಾ.'

ನೋವಾಗದಿರಲಿ ಅಂತ ನಾವು ಕಾಪಾಡಿದ ಮೌನವೇ ಅವರಿಗೆ ಹೆಚ್ಚಿನ ನೋವು ಕೊಟ್ಟಿತ್ತು. ಹಬ್ಬ ಮಾಡಿದರೆ ಹೋದವರನ್ನು ಮರೆತಂತೆ ಅಂತ ನಾವು ತಿಳಿಯುತ್ತೇವೆ. ಆದರೆ ಹಿರಿಯರು ಮಾಡಿಟ್ಟ ಹಬ್ಬಗಳಲ್ಲಿ ನೆನೆಯುವುದಕ್ಕೆಂದೇ ಒಂದು ದಿನವಿದೆ. ಅದಾದ ಮಾರನೇ ದಿನವೇ ನವರಾತ್ರಿ ಶುರು! ಅತ್ತು ಮುಗಿಸಿದವರ ಕೈಗೇ ಬದುಕು ಮತ್ತೆ ದೀಪ ಕೊಡುತ್ತದೆ.

ಈ ನೆನಪಿನ ಬೆಲೆ ಎಷ್ಟೆಂದು ಕೊರೊನಾ ಕಾಲ ನಮಗೆಲ್ಲ ಕಲಿಸಿದೆ. ಕೊನೆಯ ಬಾರಿ ಮುಖ ನೋಡಲೂ ಆಗದೆ ಎಷ್ಟೋ ಮನೆಯವರು ಒದ್ದಾಡಿದರು. 2021ರ ಜೂನ್‌ನಲ್ಲಿ, ವಾರಸುದಾರರು ಬಂದು ಒಯ್ಯದ 500ಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಅಂಥ ಮನೆಗಳಲ್ಲಿ ಇವತ್ತಿಗೂ ಒಂದು ಎಡೆ ಬಾಕಿ ಇದ್ದರೆ, ತಡವಾಯಿತು ಅನ್ನಬೇಡಿ. ಈ ವರ್ಷ ಇಡಿ.

ಇದು ನಮ್ಮೊಬ್ಬರ ಪದ್ಧತಿಯೂ ಅಲ್ಲ. ಕ್ಯಾಥೊಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಶಬ್-ಎ-ಬರಾತ್ ರಾತ್ರಿ ಎಷ್ಟೋ ಮುಸ್ಲಿಮರು ಖಬರಸ್ತಾನಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ದೂರದ ಮೆಕ್ಸಿಕೊದಲ್ಲೂ ಹೋದವರ ಫೋಟೊ ಮುಂದೆ ಅವರಿಷ್ಟದ ತಿಂಡಿ ಇಡುತ್ತಾರಂತೆ. ನಮ್ಮ ಎಡೆಯ ಹಾಗೇ ಅಲ್ಲವೇ?

ದುಃಖದ ವರ್ಷದಲ್ಲಿ ಹಬ್ಬ ಎದುರಾದರೆ ಈ ಕೆಲವು ಮಾತು ನೆನಪಿಡಿ:

* ಎಲ್ಲವನ್ನೂ ಬಿಡಬೇಡಿ, ಎಲ್ಲವನ್ನೂ ಮಾಡಲೂ ಹೋಗಬೇಡಿ. ಒಂದು ದೀಪ, ಹೋದವರಿಗೆ ಇಷ್ಟವಾದ ಒಂದು ಅಡುಗೆ ಸಾಕು.

* ಮನೆಯಲ್ಲಿ ಹೆಚ್ಚು ನೊಂದಿರುವವರು ಯಾರೋ ಅವರನ್ನೇ ಕೇಳಿ, 'ಈ ಸಲ ಏನು ಮಾಡೋಣ?' ಅಂತ. ಅವರ ಪರವಾಗಿ ನೀವೇ ನಿರ್ಧರಿಸಬೇಡಿ.

* ಗಂಡನನ್ನು ಕಳೆದುಕೊಂಡ ಹೆಣ್ಣನ್ನು ಹಿಂದೆ ನಿಲ್ಲಿಸಬೇಡಿ. ಇಡೀ ಮನೆಯಲ್ಲಿ ಆ ಎಡೆ ಇಡುವ ಹಕ್ಕು ಎಲ್ಲರಿಗಿಂತ ಹೆಚ್ಚು ಇರುವುದು ಅವರಿಗೇ.

* ಮಕ್ಕಳನ್ನು ಪಕ್ಕದ ಮನೆಗೆ ಕಳಿಸಬೇಡಿ. ಕಾಗೆಗೆ ಅನ್ನ ಇಡುವ ಕೆಲಸ ಅವರಿಗೆ ಕೊಡಿ. ಅಪಾರ್ಟ್‌ಮೆಂಟ್‌ನ ತಾರಸಿಗೆ ಕಾಗೆ ತಡವಾಗಿ ಬಂದರೆ, ಅಷ್ಟು ಹೊತ್ತು ತಾತನ ಕಥೆ ಹೇಳಬಹುದಲ್ಲ!

* ನಮ್ಮಂಥ ಬಡಾವಣೆಗಳಲ್ಲಿ ಎದುರು ಮನೆಯವರು ಯಾವ ಊರಿನವರೋ, ಅವರ ಮನೆಯಲ್ಲಿ ಏನಾಗಿದೆಯೋ ತಿಳಿಯುವುದಿಲ್ಲ. ಹಬ್ಬದ ದಿನ ಬಾಗಿಲು ಮುಚ್ಚಿದ್ದರೆ ಒಂದು ಡಬ್ಬಿ ಊಟ ಹಿಡಿದು ಬಾಗಿಲು ತಟ್ಟಿ.

* ತಿಂಗಳುಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ ಹಬ್ಬ ಬರಲಿ ಅಂತ ಕಾಯಬೇಡಿ. ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅಂದ ಹಾಗೆ, ಮಾವನ ಕೋಲು, ಕನ್ನಡಕ ಈಗ ಅಟ್ಟದಲ್ಲಿಲ್ಲ. ಟೀವಿ ಪಕ್ಕ ಅವರು ಕೂರುತ್ತಿದ್ದ ಕುರ್ಚಿಯ ಹತ್ತಿರವೇ ಇವೆ. ಅತ್ತೆಯೇ ದಿನಾ ಒರೆಸಿ ಇಡುತ್ತಾರೆ.